ಟ್ರೇಡಿಂಗ್ ಖಾತೆಯಲ್ಲಿ ಸುಮ್ನೆ ಮಲಗಿದ್ದ ಅಡಿಕೆ ದುಡ್ಡು

ಶಿರಸಿ ತೋಟಿಗ:
ಜನವರಿ ಕೊನೆಗೆ ರಾಶಿ ಅಡಿಕೆ ಕೊಟ್ಟೆ. ಬಂದ ದುಡ್ಡಿನಲ್ಲಿ 4 ಲಕ್ಷ ತೆಗೆದು ಷೇರು ಕೊಳ್ಳುವ ಟ್ರೇಡಿಂಗ್ ಖಾತೆಗೆ ಹಾಕಿದ್ದೆ. ಮಾರ್ಕೆಟ್ ಬಿದ್ದಾಗೆಲ್ಲ ಸ್ವಲ್ಪ ಸ್ವಲ್ಪ ಕೊಳ್ಳೋಣ ಅಂತ. ಫೆಬ್ರವರಿಯಲ್ಲಿ ಒಂದಿಷ್ಟು, ಮಾರ್ಚ್‌ನಲ್ಲಿ ಒಂದಿಷ್ಟು, ಎಲ್ಲ ಸೇರಿ 20,000 ಆಗಿರಬಹುದು. ಉಳಿದದ್ದು ಹಾಗೇ ಬಿದ್ದಿತ್ತು.

ಏಪ್ರಿಲ್ ಮೊದಲ ಶುಕ್ರವಾರ ಸಂಜೆ ಕೊಟ್ಟಿಗೆಯಲ್ಲಿದ್ದೆ, ಮೆಸೇಜ್ ಬಂತು. 3,80,000 ನಿಮ್ಮ ಬ್ಯಾಂಕ್ ಖಾತೆಗೆ ಜಮಾ! ನಾನು ಕೇಳಿಯೇ ಇರಲಿಲ್ಲ. ಯಾರೋ ಆನ್‌ಲೈನ್ ಕಳ್ಳರ ಕೆಲಸ ಅಂತ ಗಾಬರಿಯಾಯಿತು. ‘ಕಳ್ಳರು ದುಡ್ಡು ಹಾಕ್ತಾರಾ?’ ಅಂತ ಹೆಂಡತಿ ನಕ್ಕಳು.

ಇದು ಯಾಕೆ ವಾಪಸ್ ಬಂತು? ಮತ್ತೆ ಅಲ್ಲಿಗೇ ಹಾಕಿದರೆ ಬಡ್ಡಿ ಬರುವ ದಾರಿ ಇದೆಯಾ? ಇದರಲ್ಲಿ 1 ಲಕ್ಷ ಜೂನ್ ಒಳಗೆ ಕೈಗೆ ಬೇಕೇ ಬೇಕು. ಅಡಿಕೆಯ ಕೊಳೆ ರೋಗಕ್ಕೆ ಔಷಧಿ, ಅದಕ್ಕೆ ಮೈಲುತುತ್ತು, ಸುಣ್ಣ, ಮರ ಹತ್ತಿ ಹೊಡೆಯುವ ಕೊನೆಗೌಡನ ಕೂಲಿ. ರಿಸ್ಕ್ ಬೇಡ, ಮಳೆಯದ್ದೇ ಸಾಕು.

ಕುಮಟಾ ಲೆಕ್ಕಿಗ:
ಗಾಬರಿ ಬೇಡ ಮಾರಾಯ್ರೇ. ಅದು ಷೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿಯ ನಿಯಮ. ಬಳಸದ ಹಣವನ್ನು ಬ್ರೋಕರ್ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ನಿಮ್ಮ ಬ್ಯಾಂಕಿಗೆ ಮರಳಿಸಲೇಬೇಕು. ಖಾತೆ ತೆರೆಯುವಾಗ ನೀವು ಮೂರು ತಿಂಗಳು ಅಂತ ಟಿಕ್ ಮಾಡಿರುತ್ತೀರಿ. ಗ್ರಾಹಕರ ದುಡ್ಡನ್ನು ಬ್ರೋಕರ್ ಬೇರೆ ಕಡೆ ತಿರುಗಿಸಬಾರದು ಅಂತ ಈ ಏರ್ಪಾಡು.

ಆ ಖಾತೆಯಲ್ಲಿ ಬಿದ್ದ ಹಣಕ್ಕೆ ಬಡ್ಡಿ ಇಲ್ಲ. ಉಳಿತಾಯ ಖಾತೆಗೆ ಎರಡೂವರೆ ಪರ್ಸೆಂಟ್ ಅಂತ ಹಿಡಿದರೂ ಎರಡು ತಿಂಗಳಿಗೆ ಸುಮಾರು 1,580 ರೂಪಾಯಿ ಹೋಯಿತು. ಒಂದು ಮೂಟೆ ಗೊಬ್ಬರದ ದುಡ್ಡು!

ದಾರಿ ಇದೆ. ಲಿಕ್ವಿಡ್ ಇಟಿಎಫ್. ಅಂದರೆ ದುಡ್ಡನ್ನು ಬಹಳ ಕಡಿಮೆ ಅವಧಿಗೆ ಸಾಲ ಕೊಟ್ಟು ಗಳಿಸುವ, ಷೇರು ಪೇಟೆಯಲ್ಲೇ ಕೊಂಡು ಮಾರುವ ಫಂಡ್. ಷೇರಿನ ಹಾಗೇ ಡಿಮ್ಯಾಟ್‌ಗೆ, ಅಂದರೆ ಷೇರು ಇಡುವ ಖಾತೆಗೆ ಬರುತ್ತದೆ. ಹಳೆಯದು ಲಿಕ್ವಿಡ್‌ಬೀಸ್, 2003ರಿಂದ ಇದೆ. ಸರ್ಕಾರಿ ಸಾಲಪತ್ರದ ಅಡವಿನ ಮೇಲೆ ಒಂದೊಂದು ದಿನಕ್ಕೆ ಸಾಲ ಕೊಡುವ ಟ್ರೆಪ್ಸ್‌ನಲ್ಲಿ ಹಣ ಇರುತ್ತದೆ. ಯೂನಿಟ್ ಬೆಲೆ 1,000ದ ಆಸುಪಾಸಿನಲ್ಲೇ ನಿಲ್ಲುತ್ತದೆ, ದಿನದ ಗಳಿಕೆ ಯೂನಿಟ್‌ನ ಚೂರುಗಳಾಗಿ ಸೇರುತ್ತದೆ. ಷೇರು ಬಿದ್ದ ದಿನ ಇದನ್ನು ಮಾರಿ ಅದನ್ನು ಕೊಳ್ಳಬಹುದು, ಮಾರಿದ ದುಡ್ಡನ್ನು ಅದೇ ದಿನ ಬಳಸಲು ಹೆಚ್ಚಿನ ಬ್ರೋಕರ್‌ಗಳು ಬಿಡುತ್ತಾರೆ.

ಕಿರಿಕಿರಿ ಏನೆಂದರೆ ಆ ಚೂರುಗಳು. ಪೂರ್ತಿ ಒಂದು ಯೂನಿಟ್ ಆಗುವವರೆಗೆ ಮಾರ್ಕೆಟ್‌ನಲ್ಲಿ ಮಾರಲು ಆಗುವುದಿಲ್ಲ. ಅದು ಬೇಡ ಅಂದರೆ ಬೆಲೆಯೇ ಏರುತ್ತಾ ಹೋಗುವ ಗ್ರೋತ್ ಮಾದರಿಯ ಲಿಕ್ವಿಡ್ ಇಟಿಎಫ್‌ಗಳೂ ಈಗ ಇವೆ. ಅದರಲ್ಲಿ ಮಾರಿದಾಗ ಮಾತ್ರ ತೆರಿಗೆ, ನಿಮ್ಮ ಆದಾಯ ತೆರಿಗೆ ಸ್ಲ್ಯಾಬ್ ಪ್ರಕಾರ.

ಕಾರವಾರ ನಿವೃತ್ತ:
ಲೆಕ್ಕಿಗರು ಹೇಳಿದ್ದು ಸರಿ. ಆದರೆ ಮಾರುವಾಗಿನ ಖರ್ಚು ನೋಡಿ. 10,000 ರೂಪಾಯಿಗೆ ವರ್ಷಕ್ಕೆ ಐದೂವರೆ ಪರ್ಸೆಂಟ್ ಗಳಿಕೆ ಅಂದರೆ ದಿನಕ್ಕೆ ಒಂದೂವರೆ ರೂಪಾಯಿ. ಬ್ರೋಕರೇಜ್, ಡಿಪಿ ಚಾರ್ಜ್ (ಡಿಮ್ಯಾಟ್‌ನಿಂದ ಮಾರುವಾಗಿನ ಶುಲ್ಕ) ಸೇರಿ 15 ರೂಪಾಯಿ ಹೋದರೆ ಹತ್ತು ದಿನದ ದುಡಿಮೆ ಅಲ್ಲಿಗೇ ಮುಗಿಯಿತು. ನಾನು ಮೊದಲ ವರ್ಷ ಹೀಗೇ ಐದೈದು ಯೂನಿಟ್ ಮಾರಿ ಜಾಣ ಅನ್ನಿಸಿಕೊಂಡಿದ್ದೆ, ನನ್ನಿಂದಲೇ.

ಔಷಧಿಯ ಆ 1 ಲಕ್ಷ ಇಟಿಎಫ್‌ಗೆ ಬೇಡ. ಫಂಡ್ ಕಂಪನಿಯಿಂದಲೇ ಕೊಳ್ಳುವ ಸಾಮಾನ್ಯ ಲಿಕ್ವಿಡ್ ಫಂಡ್ ಸಾಕು. 91 ದಿನದೊಳಗೆ ತೀರುವ ಸಾಲಪತ್ರಗಳಲ್ಲೇ ಹೂಡುತ್ತದೆ. ಏಳನೇ ದಿನದಿಂದ ಎಕ್ಸಿಟ್ ಲೋಡ್, ಅಂದರೆ ಹಣ ತೆಗೆಯುವ ಶುಲ್ಕ ಇಲ್ಲ. ಕೆಲವು ಫಂಡ್‌ಗಳಲ್ಲಿ ದಿನಕ್ಕೆ 50,000 ತನಕ ಕೂಡಲೇ ತೆಗೆಯಬಹುದು.

ಸಾಲಪತ್ರಗಳಲ್ಲಿ ಹೂಡುವ ಡೆಟ್ ಫಂಡ್ ಅಂದರೆಲ್ಲ ಒಂದೇ ಅಂದುಕೊಳ್ಳಬೇಡಿ. 2020ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್ಟನ್ ಅನ್ನುವ ಫಂಡ್ ಕಂಪನಿ ಆರು ಡೆಟ್ ಸ್ಕೀಮ್ ಮುಚ್ಚಿತು, ಜನ ದುಡ್ಡಿಗೆ ಕಾಯುತ್ತಾ ಕೂತರು. ಅವು ಲಿಕ್ವಿಡ್ ಫಂಡ್ ಆಗಿರಲಿಲ್ಲ ನಿಜ, ಆದರೂ ಹೆಸರು ಓದಿಯೇ ದುಡ್ಡು ಹಾಕಿ.

ಯಲ್ಲಾಪುರ ಭಾವ:
ಇಷ್ಟೆಲ್ಲ ಯಾಕೆ? ನಮ್ಮೂರ ಸೊಸೈಟಿಯಲ್ಲಿ ಠೇವಣಿ ಇಡಿ. ಬಡ್ಡಿ ಜಾಸ್ತಿ, ಕಾರ್ಯದರ್ಶಿ ಮನೆಗೇ ಬಂದು ರಸೀದಿ ಕೊಡುತ್ತಾರೆ.

ಕುಮಟಾ ಲೆಕ್ಕಿಗ:
ಭಾವ, ಸೊಸೈಟಿ ಚೆನ್ನಾಗಿರಬಹುದು, ಬೇಡ ಅನ್ನುವುದಿಲ್ಲ. ಆದರೆ ಬ್ಯಾಂಕ್ ಠೇವಣಿಗೆ 5 ಲಕ್ಷದ ತನಕ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಸಹಕಾರಿ ಸಂಘಕ್ಕೆ ಇಲ್ಲ. ಹೆಸರು ಕೇಳಲು ಒಂದೇ ಥರ, ಅಲ್ವಾ? ಜನ ಎಡವುವುದು ಅಲ್ಲೇ.

ಶಿರಸಿ ತೋಟಿಗ:
ಎಲ್ಲರಿಗೂ ಧನ್ಯವಾದ. 1 ಲಕ್ಷ ಲಿಕ್ವಿಡ್ ಫಂಡ್‌ಗೆ ಹಾಕಿದೆ. 2 ಲಕ್ಷಕ್ಕೆ ಗ್ರೋತ್ ಮಾದರಿಯ ಇಟಿಎಫ್ ತಗೊಂಡೆ, ಮಾರುವಾಗ ಒಂದೇ ಸಲ 50,000ದ ಮೇಲೆ ಮಾರುತ್ತೇನೆ. ಉಳಿದ 80,000 ಬ್ಯಾಂಕಿನಲ್ಲೇ ಇರಲಿ. ಹೆಂಡತಿಯ ಶರತ್ತು ಅದು. ಬಡ್ಡಿ ಕಡಿಮೆಯಾದರೂ ಎಟಿಎಂನಲ್ಲಿ ಕಾಣಬೇಕಂತೆ.

ಕಾರವಾರ ನಿವೃತ್ತ:
ನಿಮ್ಮ ಹೆಂಡತಿ ಜಾಣೆ. ಅಂದಹಾಗೆ ಮೈಲುತುತ್ತು ಈ ಸಲ ಕೆಜಿಗೆ ಎಷ್ಟು ನಿಮ್ಮಲ್ಲಿ? ನನ್ನ ತಮ್ಮ ಅಂಕೋಲೆಯಿಂದ ಕೇಳುತ್ತಿದ್ದ.