ಭಾವನ ದವಡೆಗೆ ಬ್ಲೀಚು

"ಅಲ್ಲ ಕಣ್ರೀ, ಬಚ್ಚಲು ತೊಳೆಯೋ ಬ್ಲೀಚನ್ನ ಹಲ್ಲೊಳಗೆ ಬಿಡ್ತಾರಂತೆ, ಕೇಳಿದ್ರಾ?" ಅಂತ ಭಾವ ಬೋಂಡಾ ತಟ್ಟೆಯನ್ನು ದೂರ ತಳ್ಳಿದರು. ಭಾವ ಬೋಂಡಾ ತಳ್ಳಿದರು ಅಂದರೆ ವಿಷಯ ಗಂಭೀರ. ಮೇಲಿನ ದವಡೆ ಹಲ್ಲು, ನಾಳೆ ರೂಟ್ ಕೆನಾಲ್.

"ಹೌದು, ಸೋಡಿಯಂ ಹೈಪೋಕ್ಲೋರೈಟ್. ಬಚ್ಚಲಿಗೆ ಹಾಕೋದೂ ಅದನ್ನೇ," ಅಂದಳು ನಮ್ಮ ಗುಂಪಿನ ಹಲ್ಲಿನ ಡಾಕ್ಟ್ರಮ್ಮ, ಏನೂ ಆಗದವಳ ಹಾಗೆ. ಮೊದಲನೇ ಮಹಾಯುದ್ಧದಲ್ಲಿ ಹೆನ್ರಿ ಡೇಕಿನ್ ಅನ್ನೋ ರಸಾಯನ ವಿಜ್ಞಾನಿ ಸೈನಿಕರ ಗಾಯ ತೊಳೆಯೋದಕ್ಕೆ ಇದರದ್ದೇ 0.5% ದ್ರಾವಣ ಮಾಡಿದ್ದನಂತೆ. ಹಲ್ಲಿಗೆ ಅಲ್ಲಿಂದ ಹಿಡಿದು 5-6% ತನಕ ಬಳಸುತ್ತಾರೆ.

"ಸೂಜಿಯಂಥ ಫೈಲ್ ಹಾಕಿ ಬೇರಿನೊಳಗಿನ ನಾಲೆಯನ್ನ ಅಷ್ಟು ಕೆರೀತಾರಲ್ಲ, ಸಾಲದಾ?" ಅಂದರು ಮೇಷ್ಟ್ರು. ಮೇಷ್ಟ್ರು ಮಂಡ್ಯದವರು, ಅವಳು ಅಲ್ಲೇ ಹಿಡಿದಳು. "ನಿಮ್ಮೂರಿನ ನಾಲೆ ನೆನೆಸಿಕೊಳ್ಳಿ ಮೇಷ್ಟ್ರೇ. ದೊಡ್ಡ ನಾಲೆ ಕೆರೆದುಬಿಟ್ಟರೆ ತೂಬು, ಕಿರುಗಾಲುವೆ, ಸಂದುಗೊಂದು ಎಲ್ಲ ಕ್ಲೀನ್ ಆಗಿಬಿಡ್ತದಾ? ಫೈಲು ಗೋಡೆಯ ಎಷ್ಟೋ ಭಾಗವನ್ನ ಮುಟ್ಟೋದೇ ಇಲ್ಲ. ಅದು ದಾರಿ ಮಾಡಿಕೊಡತ್ತೆ, ಅಷ್ಟೇ. ಬ್ಯಾಕ್ಟೀರಿಯಾ ಕೊಲ್ಲೋದು, ಸತ್ತ ನರ ಕರಗಿಸೋದು ಈ ನೀರು." ಅದಕ್ಕೇ ಅವಸರ ಮಾಡಬಾರದು, ಹಳೇದನ್ನ ತೆಗೆದು ಹೊಸದು ಬಿಡ್ತಾನೇ ಇರಬೇಕು ಅಂತಲೂ ಸೇರಿಸಿದಳು. ಮೇಲಿನ ಮೊದಲನೇ ದವಡೆ ಹಲ್ಲಲ್ಲಿ ಎಷ್ಟೋ ಸಲ ನಾಲ್ಕನೇ ನಾಲೆಯೊಂದು ಅಡಗಿಕೊಂಡಿರುತ್ತದಂತೆ, ಅದು ತಪ್ಪಿಹೋದರೆ ಬೇರೆ ಮೂರನ್ನು ಎಷ್ಟು ತೊಳೆದರೂ ಕೀವು ಬಿಡಲ್ಲ.

ಫೈಲು ಉಜ್ಜಿದಾಗ ಗೋಡೆಗೆ ಮೆತ್ತಿಕೊಳ್ಳೋ ಹಿಟ್ಟನ್ನು ತೆಗೆಯಲು ಇಡಿಟಿಎ ಅನ್ನೋ ರಾಸಾಯನಿಕದ 17% ದ್ರಾವಣ. ಕೆಲವರು ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿನಾಶಕ ಕೂಡ ಬಿಡುತ್ತಾರೆ. ಆದರೆ ಅದು ಬ್ಲೀಚಿನ ಜೊತೆ ಸೇರಿತೋ, ಕಂದು ಬಣ್ಣದ ಗಸಿ ಕಟ್ಟಿಕೊಳ್ಳುತ್ತದೆ, ಮಧ್ಯೆ ತೊಳೆಯಲೇಬೇಕು.

"ನಾನು ಲವಂಗದೆಣ್ಣೇಲೇ ಇದ್ದುಬಿಡ್ತೀನಿ," ಅಂದರು ಭಾವ.

"ನೋವು ಸುಮ್ಮನಾಗತ್ತೆ, ಕೀವು ಅಲ್ಲೇ ಇರತ್ತೆ."

"ಆ ಬ್ಲೀಚು ಬೇರು ದಾಟಿ ಹೊರಗೆ ಹೋದ್ರೆ?"

ಈ ಪ್ರಶ್ನೆಗೆ ಮಾತ್ರ ಅವಳು ನಗಲಿಲ್ಲ. ಹೋದರೆ ತಕ್ಷಣ ಜೋರು ನೋವು, ಮುಖ ಊದಿ ನೀಲಿಗಟ್ಟುತ್ತದೆ. ಅದಕ್ಕೇ ಪಕ್ಕದಲ್ಲಿ ತೂತಿರೋ ಸೂಜಿ ಬಳಸಿ, ಬೇರಿನ ತುದಿ ಮುಟ್ಟಿಸದೆ, ಎಲ್ಲೂ ಸಿಕ್ಕಿಕೊಳ್ಳದ ಹಾಗೆ ಮೆತ್ತಗೆ ಒತ್ತುತ್ತಾರೆ. ಗಂಟಲಿಗೆ ಇಳಿಯದಿರಲಿ, ಎಂಜಲು ಒಳಗೆ ಬೀಳದಿರಲಿ ಅಂತ ಹಲ್ಲೊಂದನ್ನೇ ಹೊರಗೆ ಬಿಟ್ಟು ಬಾಯಿಗೆ ರಬ್ಬರ್ ಡ್ಯಾಮ್ ಅನ್ನೋ ತೆಳು ರಬ್ಬರ್ ಹಾಳೆ ಹಾಕುತ್ತಾರೆ. ಅದು ಇರುವಷ್ಟು ಹೊತ್ತೂ ಮಾತಾಡೋಕಾಗಲ್ಲ.

ಅಲ್ಲಿತನಕ ಸುಮ್ಮನಿದ್ದ ಅಕ್ಕ ತಲೆ ಎತ್ತಿದಳು. "ಅದು ಮನೆಗೂ ಕೊಟ್ಟು ಕಳಿಸ್ತಾರಾ?"