ಗಿಡಗಳ ಲ್ಯಾಟಿನ್ ಹೆಸರು: ಸಮಾಸ ವಿಶೇಷಣಗಳ ಬಗ್ಗೆ ಕೇಳಿ

ನರ್ಸರಿಯವರು: ನಮಸ್ಕಾರ ಮೇಡಂ. ನುಗ್ಗೆ ಮೊರಿಂಗಾ ಓಲೆಇಫೆರಾ, ತೆಂಗು ಕೋಕೋಸ್ ನ್ಯೂಸಿಫೆರಾ. ತಾಳೆಯ ಬೋರ್ಡಿಗೂ ಬೊರಾಸಸ್ ಫ್ಲಾಬೆಲ್ಲಿಫೆರಾ ಅಂತ ಬರೆಸಲಾ?

ತಜ್ಞೆ: ನಮಸ್ಕಾರ. ಬೊರಾಸಸ್ ಪುಲ್ಲಿಂಗ, ಹಾಗಾಗಿ ಫ್ಲಾಬೆಲ್ಲಿಫೆರ್. 'ಹೊತ್ತ' ಎಂಬರ್ಥದ ಈ ಪದ ಫೆರ್, ಫೆರಾ, ಫೆರುಮ್ ಎಂದು ಮೊದಲ ಪದದ, ಅಂದರೆ ಕುಲನಾಮದ, ಲಿಂಗಕ್ಕೆ ತಕ್ಕಂತೆ ತಿರುಗುತ್ತದೆ.

ವಿದ್ಯಾರ್ಥಿ: ಕಾಯಿಗೆ ನ್ಯೂಕ್ಸ್ ಅಂತಾರೆ. ನ್ಯೂಕ್ಸಿಫೆರಾ ಯಾಕಾಗಲಿಲ್ಲ?

ತಜ್ಞೆ: ಪ್ರಥಮಾ ರೂಪ ಹಿಡಿಯಬೇಡಿ. ಷಷ್ಠಿ ನ್ಯೂಸಿಸ್, ಕೊನೆಯ -ಇಸ್ ಕಳೆದು, ಉಳಿದದ್ದಕ್ಕೆ 'ಇ' ಸೇರಿಸಿ ಫೆರಾ ಹಚ್ಚಿ.

ಸದಸ್ಯ ೧: ಫಾರ್ವರ್ಡ್ ಬಂದಿದೆ: "-ಅಸ್ ಇದ್ದರೆ ಪುಲ್ಲಿಂಗ, -ಆ ಸ್ತ್ರೀಲಿಂಗ, -ಅಮ್ ನಪುಂಸಕ. ಕೊನೆ ಹೊಂದಿಸಿ ಸಾಕು."

ತಜ್ಞೆ: ಇದನ್ನು ಹರಡಬೇಡಿ. ಅರಳಿ ಫೈಕಸ್ ರಿಲಿಜಿಯೋಸಾ ಹೇಗಾಯಿತು? ಫೈಕಸ್, ಪೈನಸ್, ಕ್ವೆರ್ಕಸ್ ಮೂರೂ ಸ್ತ್ರೀಲಿಂಗ.

ನಿವೃತ್ತ ಅರಣ್ಯಾಧಿಕಾರಿ: ತಡಸಲಿಗೆ ಹಳೆಯ ಪುಸ್ತಕದಲ್ಲಿ ಗ್ರೆವಿಯಾ ಟಿಲಿಏಫೋಲಿಯಾ ಅಂತಿದೆ, ಈಗ ಟಿಲಿಇಫೋಲಿಯಾ ಅಂತಾರೆ. ಹೆಸರೇ ಬದಲಾಯಿತೇ?

ತಜ್ಞೆ: ಇಲ್ಲ ಸರ್, ಕಾಗುಣಿತ ತಿದ್ದಿದ್ದು ಅಷ್ಟೆ. ಟಿಲಿಏ ಎಂದರೆ 'ಟಿಲಿಯಾ ಎಂಬ ಮರದ', ಷಷ್ಠಿ ವಿಭಕ್ತಿ. 'ಮರದ ಕಾಲು' ಮರಗಾಲು ಆಗುವಾಗ 'ದ' ಬೀಳುವ ಹಾಗೆ ಇಲ್ಲೂ -ಏ ಬೀಳಬೇಕು. ಉಳಿಯುವ ಪ್ರಕೃತಿ (ಪ್ರತ್ಯಯ ಕಳೆದ ಮೂಲರೂಪ) ಟಿಲಿ-, ಅದಕ್ಕೆ ಜೋಡಿಸುವ ಇ, ಆಮೇಲೆ ಫೋಲಿಯಾ, ಅಂದರೆ 'ಎಲೆಯುಳ್ಳದ್ದು'. ಹಾಗಾಗಿ ಎರಡು ಇ. ಒಂದು ಪ್ರಕೃತಿಯದು, ಇನ್ನೊಂದು ಜೋಡಣೆಯದು. ಟೈಪಿಸುವವರು ಹೆಚ್ಚಾಗಿ ಒಂದನ್ನು ನುಂಗುತ್ತಾರೆ, ಅದೂ ತಪ್ಪು. ಸಸ್ಯನಾಮ ಸಂಹಿತೆಯ 60ನೇ ವಿಧಿಯಂತೆ ಇದು ತಿದ್ದಬೇಕಾದ ದೋಷ. ಹೆಸರಿಟ್ಟವರೂ ವರ್ಷವೂ ಹಾಗೇ ಉಳಿಯುತ್ತವೆ. ಒಣಮಾದರಿಯ ಹಳೆಯ ಚೀಟಿ ಕೀಳಬೇಡಿ, ಪಕ್ಕದಲ್ಲಿ ಹೊಸದು ಅಂಟಿಸಿ. ಇದೇ ಹುರುಪಿನಲ್ಲಿ ಆಟ್ರೋಪರ್ಪ್ಯೂರಿಯಸ್ಸನ್ನು ('ಕಪ್ಪು ನೇರಳೆ') 'ಆಟ್ರಿ' ಮಾಡಬೇಡಿ, ಅದು ಮೊದಲಿಂದ ರೂಢಿಯಲ್ಲಿರುವ ರೂಪ.

ಕನ್ನಡ ಮೇಷ್ಟ್ರು: ಹಲಸಿನ ಹೆಟೆರೋಫಿಲಸ್‌ನಲ್ಲಿ 'ಓ' ಇದೆಯಲ್ಲ?

ತಜ್ಞೆ: ಅದು ಗ್ರೀಕ್. ಸಾಮಾನ್ಯವಾಗಿ ಗ್ರೀಕಿಗೆ ಓ, ಲ್ಯಾಟಿನ್ನಿಗೆ ಇ. ಬೆರೆಸಿದರೆ ನಿಮ್ಮ ಅರಿಸಮಾಸ.

ಮೇಷ್ಟ್ರು: ಸರಿ. ಹಿಪ್ಪೆಯ ಲಾಂಗಿಫೋಲಿಯಾ ('ಉದ್ದ ಎಲೆಯುಳ್ಳದ್ದು') ಬಹುವ್ರೀಹಿ: ಎಲೆಯ ಲ್ಯಾಟಿನ್ ಪದ ನಪುಂಸಕ, ಆದರೂ ಮರದ ಕುಲನಾಮದ ಲಿಂಗವೇ ಬಂತು. ಓಲೆಇಫೆರಾ ಕೂಡ ಅದೇ.

ವಿದ್ಯಾರ್ಥಿ: ಅದು ಬಹುವ್ರೀಹಿ ಅಲ್ಲ ಸರ್. ಫೆರ್ ಧಾತುವಿನಿಂದ ಬಂದದ್ದು, 'ವಿಷಧರ'ದಂತೆ ಉಪಪದ ಸಮಾಸ.

ಮೇಷ್ಟ್ರು: ವಿಷವನ್ನು ಧರಿಸಿದವನು ಯಾರೋ ಅವನು. ನನಗೆ ಸಮಾಸ ಹೇಳಿಕೊಡಬೇಡಪ್ಪ.

ವಿದ್ಯಾರ್ಥಿ: 'ಯಾರೋ ಅವನು' ಅಂತ ಬಿಡಿಸಿದ್ದೆಲ್ಲ ಬಹುವ್ರೀಹಿ ಆಗಲ್ಲ. ಇಲ್ಲಿ ಕೊನೆಯ ಪದವೇ ಕ್ರಿಯೆ.

ಸದಸ್ಯ ೨: ಲಾಂಗಿಪೆಸ್‌ಗೆ ('ಉದ್ದ ಕಾಲಿನ') ಷಷ್ಠಿ ಏನು?

ನರ್ಸರಿಯವರು: ಸೋರ್ಗಮ್ ನಪುಂಸಕ ಅಲ್ವಾ, ಜೋಳಕ್ಕೆ ಬೈಕಲರಮ್ ಅನ್ನಬೇಕಾ?

ತಜ್ಞೆ: ಬೈಕಲರ್. ಮೂರು ಲಿಂಗಕ್ಕೂ ಅದೇ. ಷಷ್ಠಿ ಬೈಕಲೋರಿಸ್.

ಸದಸ್ಯ ೩: ತಾಳೆ ಫ್ಲಾಬೆಲ್ಲಿಫೆರಾ ತಾನೇ?

ತಜ್ಞೆ: ಮೇಲೆ ಓದಿ.

ಸದಸ್ಯ ೧: "ಕೊನೆ ಹೊಂದಿಸಿ ಸಾಕು" ಪಟ್ಟಿ, ಪಿಡಿಎಫ್.

ತಜ್ಞೆ: ಅಳಿಸಿ. ಈಗಲೇ.