ಆನ್‌ಲೈನ್ ಶಾಲೆಯ ಗುಂಪು ಚರ್ಚೆ: ಮಗಳು ಬಾಯಿಯೇ ಬಿಡುವುದಿಲ್ಲ

ಮಲ್ಪೆಯ ಅಮ್ಮ:
ಮಗಳು ಒಂಬತ್ತನೇ ಕ್ಲಾಸು, ಪೂರ್ತಿ ಆನ್‌ಲೈನ್. ಮುಂದಿನ ವಾರ ಗುಂಪು ಚರ್ಚೆ, ಆಮೇಲೆ ಮೌಖಿಕ ಪರೀಕ್ಷೆ. ವಿಷಯ ‘ಮಳೆಗಾಲದ ಮೀನುಗಾರಿಕೆ ನಿಷೇಧ ಬೇಕೇ?’ ಅಪ್ಪನ ಹತ್ತಿರ ಬೋಟಿನ ಸುದ್ದಿ ಗಂಟೆಗಟ್ಟಲೆ ಮಾತಾಡುತ್ತಾಳೆ. ಮೈಕ್ ಆನ್ ಆದರೆ ಮಾತ್ರ ಕಲ್ಲು. ನೋಡಿ ಓದಬಾರದಂತೆ ಬೇರೆ. ಏನು ಮಾಡಿಸುವುದು ಮಾರಾಯ್ರೇ?

ನಿವೃತ್ತ ಟೀಚರ್, ಮಣಿಪಾಲ:
ಭಾಷಣ ಬರೆಸಲೇಬೇಡಿ. ಒಂದು ಚೀಟಿಯಲ್ಲಿ ಬರೀ ಪದಗಳು ಸಾಕು: ಜೂನ್ 1ರಿಂದ ಜುಲೈ 31, 61 ದಿನ, ಮೊಟ್ಟೆ ಇಡುವ ಕಾಲ, ನಾಡದೋಣಿ, ಕಲಾಸಿಗಳ (ಬೋಟಿನಲ್ಲಿ ದುಡಿಯುವವರ) ಸಂಬಳ. ಅದನ್ನು ಕ್ಯಾಮೆರಾದ ಪಕ್ಕ ಅಂಟಿಸಿ. ಚರ್ಚೆಯಲ್ಲಿ ನಾನು ನೋಡುತ್ತಿದ್ದದ್ದು ಯಾರು ಜಾಸ್ತಿ ಮಾತಾಡಿದರು ಅಂತ ಅಲ್ಲ, ಇನ್ನೊಬ್ಬರ ಮಾತನ್ನು ಹಿಡಿದು ಮುಂದುವರಿಸಿದರಾ ಅಂತ. “ಮೀನು ಉಳಿಯಬೇಕು, ಒಪ್ಪುತ್ತೇನೆ. ಆದರೆ ಆ ಎರಡು ತಿಂಗಳು ಕಲಾಸಿಗಳು ಏನು ಮಾಡಬೇಕು?” ಇಂಥ ಒಂದು ಪ್ರಶ್ನೆ ಸಾಕು.

ಸುರತ್ಕಲ್ ಹುಡುಗ:
ಆನ್‌ಲೈನ್‌ನಲ್ಲಿ ಧ್ವನಿ ತಡವಾಗಿ ಬರುತ್ತದೆ ಅಕ್ಕಾ. ಒಬ್ಬರು ಮುಗಿಸಿದ ಮೇಲೆ ಒಂದು ಕ್ಷಣ ಬಿಟ್ಟು ಶುರು ಮಾಡಲಿ. ಕೈ ಎತ್ತುವ ಬಟನ್ ಮೊದಲೇ ಒತ್ತಿ ಅಭ್ಯಾಸ ಇರಲಿ. ಮಳೆಗೆ ಕರೆಂಟ್ ಹೋಗುವುದು ಗೊತ್ತೇ ಇದೆ ಅಲ್ವಾ, ಮೊಬೈಲ್ ಹಾಟ್‌ಸ್ಪಾಟ್ ತಯಾರಿಟ್ಟುಕೊಳ್ಳಿ.

ಮಲ್ಪೆಯ ಅಮ್ಮ:
ಇವತ್ತು ರಾತ್ರಿ ಅಪ್ಪನನ್ನೇ ಎದುರು ಪಕ್ಷ ಮಾಡಿ ಕೂರಿಸುತ್ತೇನೆ, ಅವರು ಸುಮ್ನೆ ಬಿಡುವವರಲ್ಲ! ಮೌಖಿಕ ಪರೀಕ್ಷೆಯಲ್ಲಿ ಟೀಚರ್ ಮುಖ ನೋಡಬೇಕಾ, ಕ್ಯಾಮೆರಾನಾ?

ನಿವೃತ್ತ ಟೀಚರ್, ಮಣಿಪಾಲ:
ಉತ್ತರ ಹೇಳುವಾಗ ಕ್ಯಾಮೆರಾ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಲಿ, ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ.